ಈಕೋ, ಟೆಂಟು, ಕ್ಯಾರವಾನು: ರಾತ್ರಿ ಎರಡು ಗಂಟೆಗೆ ಯಾವುದು ವಾಸಿ?

ಗಾಡಿಯೊಳಗೆ ಮನೆ ಮಾಡಿಕೊಂಡವರೆಲ್ಲ ಹಗಲಿನ ಫೋಟೋ ತೋರಿಸುತ್ತಾರೆ. ಹಿಂದಿನ ಬಾಗಿಲು ತೆಗೆದಿರುತ್ತದೆ, ಆಚೆ ಸಮುದ್ರ, ಹಾಸಿಗೆ ಮೇಲೊಂದು ಕಾಫಿ ಲೋಟ. ಈ ಎರಡು ವರ್ಷದಲ್ಲಿ ನಾನು ಮೂರು ಥರದ ಗಾಡಿಯಲ್ಲಿ ಮಲಗಿ ಎದ್ದಿದ್ದೇನೆ. ನನ್ನ ಅಳತೆಗೋಲೇ ಬೇರೆ. ರಾತ್ರಿ ಎರಡು ಗಂಟೆಗೆ ಬಾತ್ರೂಮಿಗೆ ಎದ್ದರೆ ಏನು ಗತಿ? ನನಗೀಗ 47. ಏಳದೆ ಬೆಳಗಾಗುವುದಿಲ್ಲ.

ಮೊದಲನೆಯದು ನಮ್ಮದೇ ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ, ಒಳಗೆ ಹಲಗೆ ಮಂಚ. ಎರಡನೆಯದು ಮೈದುನನ ಬೊಲೆರೊ, ಅದರ ಚಾವಣಿ ಮೇಲೆ ಬಿಚ್ಚುವ ಟೆಂಟು. ಮೂರನೆಯದು ಡ್ರೈವರ್ ಸಮೇತ ಬಾಡಿಗೆಗೆ ತಂದ ಕ್ಯಾರವಾನ್, ಟೆಂಪೋ ಟ್ರಾವೆಲರ್ ಒಳಗೆ ಮನೆ ಮಾಡಿದ್ದು. ಮಲೆನಾಡಲ್ಲಿ ಒಂದು ಕಂಟೇನರ್ ಮನೆಯಲ್ಲೂ ಎರಡು ರಾತ್ರಿ ಇದ್ದೆವು. 20 ಅಡಿ ಉದ್ದ, 8 ಅಡಿ ಅಗಲದ ಕಬ್ಬಿಣದ ಡಬ್ಬಿ. ಮಳೆ ಬಂದರೆ ತಗಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅದು ಇದ್ದಲ್ಲೇ ಇರುವ ಮನೆ, ಆದ್ದರಿಂದ ಈ ಲೆಕ್ಕಕ್ಕೆ ಬೇಡ.

ಟೆಂಟಿನಿಂದ ಶುರು ಮಾಡುತ್ತೇನೆ, ಅದರ ಕಥೆ ಬೇಗ ಮುಗಿಯುತ್ತದೆ.

ಫೆಬ್ರವರಿ ಕೊನೆಯಲ್ಲಿ ಆನೆಗುಂದಿ ಕಡೆ ಹೋಗಿದ್ದೆವು. ಹಗಲೆಲ್ಲ ಕಾದ ಬಂಡೆಗಳು ಕತ್ತಲಾದ ಮೇಲೂ ಬಿಸಿ ಬಿಡುತ್ತಿದ್ದವು. ಹೋಮ್‌ಸ್ಟೇ ಅಂಗಳದಲ್ಲಿ ಬೊಲೆರೊ ನಿಲ್ಲಿಸಿ ಮೇಲೆ ಹತ್ತಿದರೆ ಗದ್ದೆ ಕಡೆಯಿಂದ ತಣ್ಣನೆ ಗಾಳಿ. ನಾಲ್ಕೂ ಕಡೆ ಬಲೆ, ಸೊಳ್ಳೆ ಇಲ್ಲ, ತಲೆ ಎತ್ತಿದರೆ ನಕ್ಷತ್ರ. ಸುಳ್ಳು ಹೇಳಬಾರದು, ಮೂರರಲ್ಲಿ ಅತಿ ಒಳ್ಳೆ ನಿದ್ದೆ ಬಂದದ್ದು ಆವತ್ತೇ. ಏಣಿ ಇಳಿಯುವಾಗ ಮಾತ್ರ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದೆ.

ಅದೇ ಟೆಂಟನ್ನು ಅಕ್ಟೋಬರಿನಲ್ಲಿ ಸಕಲೇಶಪುರಕ್ಕೆ ತಗೊಂಡು ಹೋದೆವು. ಹಿಂಗಾರು ಮಳೆ ಹಿಡಿದುಕೊಂಡಿತು. ಬಟ್ಟೆ ರಾತ್ರಿಯೆಲ್ಲ ಪಟಪಟ ಅಂತಿತ್ತು. ಎರಡು ಗಂಟೆಗೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ, ಎರಡನೆಯದಕ್ಕೆ ಕಾಲು ಸಿಗಲಿಲ್ಲ. ಕೊನೆಯ ಮೂರು ಮೆಟ್ಟಿಲು ಕೂತೇ ಇಳಿದೆ ಅನ್ನಿ. ಬೆಳಿಗ್ಗೆ ಒದ್ದೆ ಟೆಂಟನ್ನು ಹಾಗೇ ಮಡಚಿ ತಂದೆವು. ಎರಡು ದಿನ ಬಿಟ್ಟು ತಾರಸಿ ಮೇಲೆ ಬಿಚ್ಚಿದರೆ ಮೂಲೆಯಲ್ಲಿ ಕಪ್ಪು ಚುಕ್ಕೆ, ಬೂಷ್ಟು ವಾಸನೆ. ಆ ವಾಸನೆ ಇನ್ನೂ ಹೋಗಿಲ್ಲ.

ತಗೊಳ್ಳಬೇಕು ಅಂತಿರುವವರಿಗೆ ಒಂದು ಮಾತು. ನಿಂತ ಗಾಡಿಯ ಮೇಲೆ ಇಬ್ಬರು ಮಲಗಿದರೆ ಚಾವಣಿಗೆ ಅಷ್ಟೇನೂ ಕಷ್ಟವಿಲ್ಲ. ಕಷ್ಟ ಇರುವುದು ಓಡುವಾಗ. ನಮ್ಮ ಟೆಂಟು ಸುಮಾರು 60 ಕೆಜಿ. ಘಾಟಿಯ ಪ್ರತಿ ತಿರುವಿನಲ್ಲೂ ಆ ಭಾರ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಮ್ಯಾನುಯಲ್‌ನಲ್ಲಿ ಚಾವಣಿ ಮೇಲೆ ಇಷ್ಟೇ ಹೇರಿ ಅಂತ ಇರುತ್ತಲ್ಲ, ಅದು ಓಡುವಾಗಿನ ಲೆಕ್ಕ. ಅದನ್ನು ನೋಡದೆ ಟೆಂಟು ಕೊಳ್ಳಬೇಡಿ.

ಕ್ಯಾರವಾನ್ ತಂದದ್ದು ನಮ್ಮ ಅತ್ತೆಗೋಸ್ಕರ. ಅವರಿಗೆ 74, ಮಂಡಿ ನೋವು. ಬಾದಾಮಿ, ಪಟ್ಟದಕಲ್ಲು ನೋಡಬೇಕು ಅಂತ ಎಷ್ಟೋ ವರ್ಷದ ಆಸೆ. ಬೆಂಗಳೂರಿಂದ ಬಾದಾಮಿಗೆ ಸುಮಾರು 450 ಕಿ.ಮೀ. ಅತ್ತೆ ಕಾಲು ಚಾಚಿ, ದಿಂಬಿಗೆ ಒರಗಿ, ಚಿತ್ರದುರ್ಗದ ಗಾಳಿಯಂತ್ರಗಳನ್ನು ಎಣಿಸುತ್ತಾ ಹೋದರು. ಊಟಕ್ಕೆ ನಿಲ್ಲಿಸಿದಾಗ ಒಳಗೇ ನೆಟ್ಟಗೆ ನಿಂತು ಉಪ್ಪಿಟ್ಟು ಮಾಡಿದೆ. ಬೆನ್ನು ಬಗ್ಗಿಸದೆ ಒಗ್ಗರಣೆ ಹಾಕುವ ಸುಖ ಏನು ಅಂತ ಈಕೋದಲ್ಲಿ ಅಡುಗೆ ಮಾಡಿದವರಿಗೇ ಗೊತ್ತು.

ಎರಡು ಗಂಟೆಯ ಪರೀಕ್ಷೆ? ಟಾಯ್ಲೆಟ್ ಒಳಗೇ ಇದೆ, ಮೂರು ಹೆಜ್ಜೆ. ಇದೇ ಗೆಲ್ಲಬೇಕಿತ್ತು, ಅಲ್ವಾ? ಆದರೆ ನೀರು ಬಿಡುವ ಬಟನ್ ಒತ್ತಿದರೆ ಪಂಪು ಗುರ್ರ್ ಅಂತ ಶುರುವಾಗುತ್ತದೆ. ಅತ್ತೆ ಎದ್ದು ಕೂತರು. ಮುಂದೆ ಮಲಗಿದ್ದ ಡ್ರೈವರ್ ಹುಡುಗ ಕೆಮ್ಮಿ ಮಗ್ಗುಲು ಬದಲಿಸಿದ. ಅಡ್ಡ ಒಂದು ಪರದೆ ಅಷ್ಟೇ. ಗುರುತಿಲ್ಲದ ಹುಡುಗ ಆರು ಅಡಿ ದೂರದಲ್ಲಿ ಮಲಗಿರುವಾಗ ಸಂಕೋಚ ಆಗದೆ ಇರುತ್ತದೆಯೇ?

ಇನ್ನೊಂದು ಇದೆ, ಊಟದ ಹೊತ್ತಲ್ಲಿ ಓದಬೇಡಿ. ಆ ಟಾಯ್ಲೆಟ್‌ನ ಕೆಳಗೆ ಒಂದು ಡಬ್ಬಿ ಇರುತ್ತದೆ. ತುಂಬಿದ ಮೇಲೆ ಯಾರಾದರೂ ಎಳೆದು ಖಾಲಿ ಮಾಡಬೇಕು. ನಮಗೆ ಕೊಟ್ಟ ಗಾಡಿಯಲ್ಲಿ ಹಿಂದಿನವರದ್ದು ಅರ್ಧ ಹಾಗೇ ಇತ್ತು. ಫೋನ್ ಮಾಡಿದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ’ ಅಂದರು. ಎಲ್ಲಿ ಖಾಲಿ ಮಾಡುವುದು? ಅದಕ್ಕೊಂದು ಜಾಗ ದಾರಿಯುದ್ದಕ್ಕೂ ನಮಗೆ ಸಿಗಲಿಲ್ಲ. ಕೊನೆಗೆ ಒಂದು ಲಾಡ್ಜಿನವರ ಕೈಕಾಲು ಹಿಡಿದು ಅವರ ಕಕ್ಕಸಿಗೆ ಸುರಿದದ್ದಾಯಿತು. 100 ಲೀಟರ್ ನೀರು ಒಂದೂವರೆ ದಿನಕ್ಕೆ ಮುಗಿಯಿತು. ಎಸಿ ಬೇಕಂದರೆ ಪ್ಲಗ್ ಕೊಡುವವರು ಬೇಕು, ಇಲ್ಲ ಜನರೇಟರ್ ಸದ್ದು ಕೇಳಬೇಕು. ಇಷ್ಟೆಲ್ಲ ಆಗಿ, ಬಾದಾಮಿಯ ಗಲ್ಲಿಗಳಲ್ಲಿ ಗಾಡಿ ನುಗ್ಗುವುದಿಲ್ಲ. ಮನೆಯನ್ನೇ ಹೊತ್ತುಕೊಂಡು ಹೋಗಿ, ಗುಹೆ ನೋಡಲಿಕ್ಕೆ ಆಟೋ ಹಿಡಿದೆವು.

ದಿನಕ್ಕೆ 9,000 ರೂಪಾಯಿ, ಕಿಲೋಮೀಟರ್ ಲೆಕ್ಕ ಬೇರೆ. ಅತ್ತೆ ಮಾತ್ರ ಈಗಲೂ ಅದನ್ನೇ ಹೊಗಳುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ನಾನೂ ಮತ್ತೆ ಅದನ್ನೇ ತರುತ್ತೇನೆ. ಆದರೆ ಹೊರಡುವ ಮುಂಚೆ ಆ ಡಬ್ಬಿಯನ್ನು ಎಳೆದು ನೋಡುತ್ತೇನೆ.

ಇನ್ನು ನಮ್ಮ ಈಕೋ. ಇದು 3,675 ಮಿಲಿಮೀಟರ್ ಉದ್ದ, ಅಂದರೆ ಸುಮಾರು 12 ಅಡಿ. ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಹಿಂದೆ ನನ್ನುದ್ದಕ್ಕೆ ಮಂಚ ಹಿಡಿಸುತ್ತದೆ. ನಮ್ಮನೆಯವರು ಐದು ಅಡಿ ಹತ್ತು ಇಂಚು, ಮೂಲೆಯಿಂದ ಮೂಲೆಗೆ ಮಲಗುತ್ತಾರೆ. ಮಿಕ್ಕಿದ ತ್ರಿಕೋನದಲ್ಲಿ ನಾನು. ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಗಾಡಿ ನಿಲ್ಲಿಸಿದ ಮೇಲೂ ಒಂದು ಗಂಟೆ ಆ ಕಡೆ ಬೆಚ್ಚಗಿರುತ್ತದೆ. ಆಗುಂಬೆಯ ಚಳಿಗೆ ಅದು ವರ, ಹೊಸಪೇಟೆಯ ಸೆಕೆಗೆ ಶಾಪ. ತಲೆ ಆ ಕಡೆ ಇಡಬೇಡಿ.

ಮಂಚ ಮಾಡಿದ್ದು ನಮ್ಮ ಬೀದಿಯ ಮರಗೆಲಸದವರು. ಪ್ಲೈವುಡ್ ಮೂರು ತುಂಡು, ಕಬ್ಬಿಣದ ಕಾಲು, ನಡುವೆ ಹಿಂಜ್. ಕೆಳಗೆ ಎರಡು ಡ್ರಾಯರ್: ಒಂದರಲ್ಲಿ ಸ್ಟವ್, ಪಾತ್ರೆ, ಇನ್ನೊಂದರಲ್ಲಿ ಬ್ಯಾಟರಿ. ಕಿಟಕಿಗೆ ಅತ್ತೆಯ ಹಳೇ ಕಾಟನ್ ಸೀರೆಯ ಪರದೆ. ಟೈಲರ್ ಹತ್ತಿರ ಸೊಳ್ಳೆ ಪರದೆಯ ಅಂಚಿಗೆ ಸಣ್ಣ ಮ್ಯಾಗ್ನೆಟ್ ಇಟ್ಟು ಹೊಲಿಸಿದೆವು, ಬಾಗಿಲ ತಗಡಿಗೆ ಟಪ್ ಅಂತ ಅಂಟಿಕೊಳ್ಳುತ್ತದೆ. ಎಲ್ಲ ಸೇರಿ 38,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಗೇ ಹೋಯಿತು.

ಬ್ಯಾಟರಿ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ನಮ್ಮದು 12.8 ವೋಲ್ಟ್, 100 ಎಎಚ್ (ಆಂಪಿಯರ್-ಗಂಟೆ) ಲಿಥಿಯಂ. ಗುಣಿಸಿದರೆ 1,280 ವ್ಯಾಟ್-ಗಂಟೆ. ಫ್ಯಾನ್ 20 ವ್ಯಾಟ್, ರಾತ್ರಿ ಒಂಬತ್ತು ಗಂಟೆ ತಿರುಗಿದರೆ 180. ಲೈಟು, ಫೋನು ಎಲ್ಲ ಸೇರಿಸಿದರೂ ನಾಲ್ಕು ರಾತ್ರಿ ಆರಾಮ. ಅದೇ ಇಂಡಕ್ಷನ್ ಒಲೆ ಇಟ್ಟಿರೋ, ಒಂದು ಗಂಟೆಯಲ್ಲಿ ಬ್ಯಾಟರಿ ಖಾಲಿ. ಹಳೇ ಥರದ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಬೇಗ ಸಾಯುತ್ತದೆ. ಅದಕ್ಕೇ ಅಡುಗೆ ಗ್ಯಾಸಿನಲ್ಲಿ, ಅದೂ ಗಾಡಿಯ ಹೊರಗೆ. ಮುಚ್ಚಿದ ಗಾಡಿಯಲ್ಲಿ ಸ್ಟವ್ ಹಚ್ಚುವುದು ಜೀವಕ್ಕೇ ಕುತ್ತು. ಮಲಗುವಾಗಲೂ ಎರಡು ಕಿಟಕಿ ಒಂದಿಂಚು ತೆಗೆದಿರಬೇಕು, ಇಲ್ಲದಿದ್ದರೆ ಇಬ್ಬರ ಉಸಿರಿಗೆ ಬೆಳಗಿನ ಹೊತ್ತಿಗೆ ಗಾಜಿನಿಂದ ನೀರು ಇಳಿಯುತ್ತದೆ.

ಕಾನೂನಿನ ವಿಷಯ ಅಡ್ಡಗೋಡೆ ಮೇಲಿನ ದೀಪ. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನಾವು ಚಾವಣಿ ಕತ್ತರಿಸಿಲ್ಲ, ವೆಲ್ಡಿಂಗ್ ಮಾಡಿಲ್ಲ, ಒಂದು ತೂತೂ ಕೊರೆದಿಲ್ಲ. ಹಿಂದಿನ ಸೀಟಿನ ಬೋಲ್ಟು ಬಿಚ್ಚಿದ್ದೇವೆ, ಅರ್ಧ ಗಂಟೆಯಲ್ಲಿ ತಿರುಗಿ ಹಾಕಬಹುದು. ಮಂಚ ಅಂದರೆ ಸಾಮಾನು ಅನ್ನುವುದು ನಮ್ಮನೆಯವರ ವಾದ. ‘ಅತ್ತಿಗೆ, ಸೀಟು ಐದು ಅಂತ ಬರೆದಿದೆ, ಒಳಗೆ ಎರಡಿದೆ. ಪೊಲೀಸಿನವರಿಗೆ ಎಣಿಸಲಿಕ್ಕೆ ಬರಲ್ವಾ?’ ಅನ್ನುವುದು ಮೈದುನನ ವಾದ. ಅವನ ಮಾತೇ ಸರಿ ಅಂತ ನನಗೂ ಒಳಗೊಳಗೆ ಅನ್ನಿಸುತ್ತದೆ. ಮಾಡಿಸುವವರು ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯಿರಿ.

ಎರಡು ಗಂಟೆಗೆ ಈಕೋದಲ್ಲಿ ಮೊದಮೊದಲು ನನಗೆ ತುಂಬಾ ಕಷ್ಟ ಆಯಿತು. ಜಾರುವ ಬಾಗಿಲು ಎಳೆದರೆ ಘರ್ರ್ ಢಬ್ ಅಂತ ಊರಿಗೆಲ್ಲ ಕೇಳುತ್ತದೆ, ನಾಯಿಗಳೆಲ್ಲ ಬೊಗಳುತ್ತವೆ. ಆಮೇಲೆ ಮುಚ್ಚಳದ ಬಕೆಟ್ ತಂದೆವು. ಒಳಗೆ ಚೀಲ, ಮೇಲೆ ಎರಡು ಹಿಡಿ ಮರದ ಹೊಟ್ಟು. ಮಂಚ ಮಾಡಿದವರೇ ಒಂದು ಮೂಟೆ ಹೊಟ್ಟು ಸುಮ್ನೆ ಕೊಟ್ಟರು. ಸದ್ದಿಲ್ಲ, ವಾಸನೆಯೂ ಇಲ್ಲ. ನಗುವವರು ನಗಲಿ.

ಡಿಸೆಂಬರಿನಲ್ಲಿ ಮರವಂತೆಗೆ ಹೋಗಿದ್ದೆವು. ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ ಇರುವ ಊರು. ಸ್ವಲ್ಪ ಮುಂದೆ ಮರಳಿನ ಅಂಚಿನಲ್ಲಿ ಕತ್ತಲಾದ ಮೇಲೆ ಗಾಡಿ ನಿಲ್ಲಿಸಿ ಮಲಗಿದೆವು. ರಾತ್ರಿ ಮೂರಕ್ಕೆ ಗಾಜಿನ ಮೇಲೆ ಟಕ್ ಟಕ್. ನನ್ನ ಎದೆ ಧಸಕ್ ಅಂತು. ಪರದೆ ಸರಿಸಿದರೆ ಟಾರ್ಚ್ ಹಿಡಿದ ಒಬ್ಬರು, ಹಿಂದೆ ನಾಲ್ಕೈದು ಜನ. ‘ಅಕ್ಕ, ಗಾಡಿ ಸ್ವಲ್ಪ ಹಿಂದೆ ತೆಗೀತ್ರಾ, ದೋಣಿ ಇಳ್ಸುಕಿತ್ತ್.’ ದೋಣಿ ಇಳಿಸುವ ದಾರಿಯಲ್ಲೇ ನಾವು ಮನೆ ಮಾಡಿದ್ದೆವು! ನಮ್ಮನೆಯವರು ಕೆಳಗೇ ಇಳಿಯಲಿಲ್ಲ. ಎರಡು ಸೀಟಿನ ಸಂದಿಯಲ್ಲಿ ನುಸುಳಿ, ಪಂಚೆಯಲ್ಲೇ ಸ್ಟಿಯರಿಂಗ್ ಹಿಡಿದು, 20 ಅಡಿ ಹಿಂದಕ್ಕೆ ತೆಗೆದರು. ನಾನು ಹೊದಿಕೆಯೊಳಗೇ ಇದ್ದೆ. ಟೆಂಟಾಗಿದ್ದರೆ ಏಣಿ ಇಳಿದು, ಬಟ್ಟೆ ಮಡಚಿ, ಬೆಲ್ಟು ಬಿಗಿಯಬೇಕಿತ್ತು. ಕ್ಯಾರವಾನ್ ಆ ಮರಳಿಗೆ ಬರುತ್ತಲೇ ಇರಲಿಲ್ಲ.

ಆ ರಾತ್ರಿಯೇ ನನ್ನ ಮಟ್ಟಿಗೆ ಈಕೋ ಗೆದ್ದಿತು. ಟೆಂಟು ಈಗ ಮೈದುನನ ಮನೆಯ ಅಟ್ಟದಲ್ಲಿದೆ. ಈಕೋದ ಹಿಂದಿನ ಸೀಟು ನಮ್ಮ ಹಾಲ್‌ನಲ್ಲಿದೆ, ಅತ್ತೆ ಅದರ ಮೇಲೆ ಕೂತು ಧಾರಾವಾಹಿ ನೋಡುತ್ತಾ ಸೊಪ್ಪು ಬಿಡಿಸುತ್ತಾರೆ. ಅದನ್ನು ಗಾಡಿಗೆ ತಿರುಗಿ ಹಾಕುವ ದಿನ ಬಂದರೆ ಅವರ ಮುಖ ನೋಡಬೇಕು.