ಗಳಲೆ ರೋಗಾಣುವಿನ ಹೊರಪೊರೆ ಪ್ರೋಟೀನ್: ಸಾರ್ಕೋಸಿಲ್ ಲೇಸೋ, ಕಾರ್ಬೊನೇಟ್ ಲೇಸೋ?

ದನ, ಎಮ್ಮೆಗಳಿಗೆ ಗಳಲೆ ರೋಗ ತರುವ ಪಾಶ್ಚುರೆಲ್ಲಾ ಮಲ್ಟೊಸಿಡಾ ಬ್ಯಾಕ್ಟೀರಿಯಾದ ಬಿ:2 ಬಗೆಯ ಬಲ ಬರೀ ಅದರ ಕ್ಯಾಪ್ಸೂಲಿನಲ್ಲಿ (ಹೊರಗಿನ ಕವಚದಲ್ಲಿ) ಇಲ್ಲ. ಹೊರಪೊರೆಯ ಓಂಪ್-ಎ ಪ್ರೋಟೀನು ಪ್ರಾಣಿಯ ಅಂಗಾಂಶದಲ್ಲಿರುವ ಫೈಬ್ರೊನೆಕ್ಟಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಟಿಬಿಪಿ-ಎ ಎಂಬುದು ರಕ್ತದ ಟ್ರಾನ್ಸ್‌ಫೆರಿನ್ ಪ್ರೋಟೀನು ಹೊತ್ತ ಕಬ್ಬಿಣವನ್ನೇ ಕಿತ್ತುಕೊಳ್ಳುತ್ತದೆ. ಪೊರೆಯಲ್ಲಿ ರಂಧ್ರ ಮಾಡುವ ಓಂಪ್-ಎಚ್ ಪೋರಿನ್ ಮೇಲೆ ಲಸಿಕೆಯ ಆಸೆ ಇದೆ. ಇವನ್ನು ಬೇರ್ಪಡಿಸಲು ಎರಡು ದಾರಿ: ಸಾರ್ಕೋಸಿಲ್ ಎಂಬ ಡಿಟರ್ಜೆಂಟ್, ಇಲ್ಲವೇ ಸೋಡಿಯಂ ಕಾರ್ಬೊನೇಟ್. ಭಾರತದ ಲಸಿಕಾ ತಳಿ ಪಿ-52ರ ಒಂದೇ ಬ್ಯಾಚಿನಲ್ಲಿ ಎರಡನ್ನೂ ಮಾಡಿ ನೋಡಿದಾಗ ವ್ಯತ್ಯಾಸ ಎದ್ದು ಕಂಡಿತು.

ಮೊದಲ ಹಂತ ಎರಡಕ್ಕೂ ಒಂದೇ: 500 ಮಿ.ಲೀ. ಬಿಎಚ್‌ಐ ಬ್ರಾತ್‌ನಲ್ಲಿ (ಮಿದುಳು-ಹೃದಯದ ಸಾರದ ಪೋಷಕ ದ್ರವ) ಬೆಳೆದ ಕೋಶಗಳನ್ನು 10 ಮಿಲಿಮೋಲಾರ್ ಹೆಪೆಸ್ ಬಫರ್‌ನಲ್ಲಿ ಕಲಸಿ, ಐಸಿನ ಮೇಲೆ ಸೋನಿಕೇಟ್ ಮಾಡುವುದು, ಅಂದರೆ ಶಬ್ದದ ಅಲೆಗಳಿಂದ ಕೋಶ ಒಡೆಯುವುದು. 30 ಸೆಕೆಂಡು ನಡೆಸಿ, 30 ಸೆಕೆಂಡು ಬಿಡುವು ಕೊಡಬೇಕು. ಅವಸರಿಸಿದರೆ ಬಿಸಿಯೇರಿ ಪ್ರೋಟೀನು ಕೆಡುತ್ತದೆ. ಒಡೆಯದ ಕೋಶಗಳನ್ನು ಕೆಳಗೆ ಕೂರಿಸಿ, ಮೇಲಿನ ದ್ರವವನ್ನು 1,00,000 ಜಿ (ಗುರುತ್ವದ ಲಕ್ಷ ಪಟ್ಟು) ವೇಗದಲ್ಲಿ ಒಂದು ಗಂಟೆ ತಿರುಗಿಸಿದರೆ ಪೊರೆ ಸಿಗುತ್ತದೆ.

ಸಾರ್ಕೋಸಿಲ್ ದಾರಿಯಲ್ಲಿ ಆ ಪೊರೆಯನ್ನು 2% ದ್ರಾವಣದಲ್ಲಿ ಕೋಣೆಯ ಉಷ್ಣಾಂಶದಲ್ಲೇ ಅರ್ಧ ಗಂಟೆ ಇಟ್ಟು, ಮತ್ತೆ ಅದೇ ವೇಗದಲ್ಲಿ ತಿರುಗಿಸಬೇಕು. ಒಳಪೊರೆ ಕರಗಿ ಹೋಗುತ್ತದೆ, ಹೊರಪೊರೆ ತಳದಲ್ಲಿ ಉಳಿಯುತ್ತದೆ. ಇಲ್ಲೇ ಹಲವರು ಎಡವುವುದು: ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯಲು, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಇರುವ ಪ್ರೋಟಿಯೇಸ್ ತಡೆ ಮಿಶ್ರಣ ಹಾಕಿದರೆ, ಹೊರಪೊರೆಯನ್ನು ಬಿಗಿ ಹಿಡಿದಿದ್ದ ಮೆಗ್ನೀಷಿಯಂ ಕೈಬಿಟ್ಟು, ಬೇಕಾದ ಪ್ರೋಟೀನೇ ಒಂದಿಷ್ಟು ಕರಗಿ ಹೋಗಬಹುದು. ಅದರ ಬದಲು ಕಿಣ್ವ ತಡೆಯಲು 1 ಮಿಲಿಮೋಲಾರ್ ಪಿಎಂಎಸ್‌ಎಫ್ ಬಳಸಿ.

ಕಾರ್ಬೊನೇಟ್ ದಾರಿ ಸುಲಭ. ತಣ್ಣಗಿನ 0.1 ಮೋಲಾರ್ ಸೋಡಿಯಂ ಕಾರ್ಬೊನೇಟ್, ಪಿಎಚ್ 11, ಒಂದು ಗಂಟೆ ಕಲಕುವುದು. ಡಿಟರ್ಜೆಂಟ್ ಇಲ್ಲದ್ದರಿಂದ ತೂಕ ಅಳೆದು ಪ್ರೋಟೀನು ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿಗೆ ಇದೇ ವಾಸಿ. ಆದರೆ ಒಳಪೊರೆಯಲ್ಲಿ ನೆಟ್ಟ ಪ್ರೋಟೀನುಗಳೂ ಉಳಿದುಬಿಡುವುದರಿಂದ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬಿಡಿಸುವ ಜೆಲ್ ಮೇಲೆ ಹಿನ್ನೆಲೆ ಮಸುಕು. ಸಾರ್ಕೋಸಿಲ್ ಜೆಲ್‌ನಲ್ಲಿ 35 ಕಿಲೋಡಾಲ್ಟನ್ ಆಸುಪಾಸಿನ ಪಟ್ಟಿಗಳು ದಟ್ಟವಾಗಿ, ಬಿಡಿಯಾಗಿ ನಿಲ್ಲುತ್ತವೆ. ಅಲ್ಲೂ ಒಂದು ಎಚ್ಚರ: ಸ್ಯಾಂಪಲ್ಲನ್ನು 100 ಡಿಗ್ರಿಯಲ್ಲಿ ಐದು ನಿಮಿಷ ಕುದಿಸದಿದ್ದರೆ ಮಡಿಕೆ ಬಿಡದ ಓಂಪ್-ಎ ಕೆಳಗಿನ ಪಟ್ಟಿಯಾಗಿ ಕಾಣಿಸಿ, ಬೇರೆ ಪ್ರೋಟೀನೇನೋ ಎಂದು ದಾರಿ ತಪ್ಪಿಸುತ್ತದೆ.

ಯಾವುದನ್ನೇ ಆರಿಸಿ, ಬರೀ ಬಿಎಚ್‌ಐನಲ್ಲಿ ಬೆಳೆಸಿದ ಕೋಶದಲ್ಲಿ ಟಿಬಿಪಿ-ಎ ಹುಡುಕಿ ಫಲವಿಲ್ಲ. ಬ್ರಾತ್‌ನಲ್ಲಿ ಕಬ್ಬಿಣ ಧಾರಾಳವಾಗಿರುತ್ತದೆ. ದನದ ಮೈಯಲ್ಲಿ ಹಾಗಿಲ್ಲ. 2,2'-ಡೈಪಿರಿಡಿಲ್ 150 ಮೈಕ್ರೋಮೋಲಾರ್ ಹಾಕಿ ಕಬ್ಬಿಣ ಕಟ್ಟಿಹಾಕಿದರೆ ಮಾತ್ರ 80 ಕಿಲೋಡಾಲ್ಟನ್ ಸುತ್ತ ಹೊಸ ಪಟ್ಟಿಗಳು ಮೂಡುತ್ತವೆ. ಬೆಳವಣಿಗೆ ನಿಧಾನ, ಕೋಶ ಕಡಿಮೆ ಸಿಗುತ್ತದೆ. ಅದಕ್ಕೆ ಬ್ರಾತ್ ಒಂದು ಲೀಟರ್ ಇಟ್ಟುಕೊಳ್ಳಿ.