ಐಎಸ್‌ಒ 14001 ಸರ್ಟಿಫಿಕೇಟ್: ಗೇರು ಕಾರ್ಖಾನೆ, ಐಸ್ ಪ್ಲಾಂಟ್‌ಗಳಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲವೇ?

ಕುಮಟಾ, ಹೊನ್ನಾವರದ ಗೇರು ಕಾರ್ಖಾನೆಗಳಿಗೂ ಕಾರವಾರದ ಮೀನು ಸಂಸ್ಕರಣಾ ಘಟಕಗಳಿಗೂ ಶಿರವಾಡದ ಸಣ್ಣ ಉದ್ದಿಮೆಗಳಿಗೂ ಪರಿಸರ ನಿರ್ವಹಣೆಯ ಮಾನದಂಡವಾದ ಐಎಸ್‌ಒ 14001ರ ಸರ್ಟಿಫಿಕೇಟನ್ನು ಒಂದು ಪ್ಯಾಕೇಜ್ ಆಗಿ ಮಾರುತ್ತಾರೆ. ಕನ್ಸಲ್ಟಂಟ್ ಬಂದು ಕಡತ ಮಾಡಿಕೊಡುತ್ತಾನೆ, ಪ್ರಮಾಣೀಕರಣ ಸಂಸ್ಥೆಯ ಆಡಿಟರ್ ಬಂದು ನೋಡುತ್ತಾನೆ, ಫ್ರೇಮ್ ಹಾಕಿದ ಕಾಗದ ಆಫೀಸಿನ ಗೋಡೆಗೆ ಏರುತ್ತದೆ. ಪರಿಸರ ನಿರ್ವಹಣೆಯ ಈ ಕಾಗದವನ್ನು ಒಂದು ಸರಕೆಂದೇ ಇಟ್ಟುಕೊಂಡು ತೂಗಿದರೆ ಲೆಕ್ಕ ಹೀಗಿದೆ: ನಿಮ್ಮ ಖರೀದಿದಾರ ಕೇಳಿದ್ದರೆ ಮಾಡಿಸಿ. ಕೇಳದಿದ್ದರೆ ಇದರೊಳಗಿನ ಎರಡು ಭಾಗಗಳನ್ನಷ್ಟೇ ಜಾರಿ ಮಾಡಿಕೊಂಡು ಸರ್ಟಿಫಿಕೇಟಿನ ದುಡ್ಡು ಉಳಿಸಿ.

ಯಾವ ಕಾನೂನೂ ಇದನ್ನು ಕಡ್ಡಾಯ ಮಾಡಿಲ್ಲ. ಆದರೂ ಕಾರ್ಖಾನೆಗಳು ಇದರ ಹಿಂದೆ ಬೀಳುವುದಕ್ಕೆ ದೊಡ್ಡ ಕಾರಣ ಖರೀದಿದಾರರೇ. 1996ರಲ್ಲಿ ಈ ಮಾನದಂಡ ಬಂತು. 1999ರಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್ ತಮ್ಮ ಪೂರೈಕೆದಾರರೆಲ್ಲ ಇದನ್ನು ಪಡೆಯಬೇಕೆಂದು ಗಡುವು ಹಾಕಿದವು. ಅಲ್ಲಿಂದ ಅದು ಸರಪಳಿಯಂತೆ ಕೆಳಗಿಳಿಯಿತು. ಯುರೋಪಿನ ಸೂಪರ್‌ಮಾರ್ಕೆಟ್‌ಗೆ ಗೇರು ತಿರುಳು ತರಿಸುವವನು ಕುಮಟಾದ ಬಾಯ್ಲರ್ ಹೊಗೆ ನೋಡಲು ಬರುವುದಿಲ್ಲ. ಬದಲಿಗೆ ಕಾಗದ ಕೇಳುತ್ತಾನೆ. ಉಳಿದ ಕಾರಣಗಳು ಇದರ ಹಿಂದೆ ಬರುತ್ತವೆ: ಟೆಂಡರಿನ ಅಂಕ, ಅಕ್ಕಪಕ್ಕದವರ ದೂರು ಬಂದಾಗ ತೋರಿಸಲು ಏನಾದರೂ ಇರಲಿ ಎಂಬ ಆಸೆ, ಪಕ್ಕದ ಕಾರ್ಖಾನೆಯವನು ಮಾಡಿಸಿದ್ದಾನೆ ಎಂಬ ಹುಮ್ಮಸ್ಸು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಇದನ್ನು ನೋಡಿ ಕಣ್ಣುಮುಚ್ಚುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾರ್ಖಾನೆ ನಡೆಸಲು ಮಂಡಳಿ ಕೊಡುವ ಅನುಮತಿ, ಅಂದರೆ ಕನ್ಸೆಂಟ್ ಬೇರೆ, ಇದು ಬೇರೆ. ಕನ್ಸೆಂಟ್ ಅವಧಿ ಮುಗಿದಿದ್ದರೆ ಐಎಸ್‌ಒ ಆಡಿಟರನೇ ಅದನ್ನು ಕೊರತೆ ಎಂದು ಬರೆಯಬೇಕು.

ಸಹಿ ಹಾಕುವ ಮೊದಲು ಖರೀದಿದಾರನಿಗೆ ಒಂದು ಮೇಲ್ ಹಾಕಿ, ಏನು ಸಾಕು ಎಂದು ಕೇಳಿ. ಎಷ್ಟೋ ಸಲ ಅವರಿಗೆ ಬೇಕಾದದ್ದು ಪೂರೈಕೆದಾರರ ಕಾರ್ಮಿಕ ಸ್ಥಿತಿ, ಸುರಕ್ಷತೆ ನೋಡುವ ಸ್ಮೆಟಾ ಆಡಿಟ್. ಅದರ ನಾಲ್ಕು ಕಂಬಗಳ ಆವೃತ್ತಿಯಲ್ಲಿ ಪರಿಸರವೂ ಸೇರಿದೆ. ಅಂಥವರಿಗೆ 14001 ಮಾಡಿಸಿದರೆ ಒಂದೇ ಕೆಲಸಕ್ಕೆ ಎರಡು ಖರ್ಚು.

ಇನ್ನು ಸೇವೆಯ ಗುಣಮಟ್ಟ. ಇಲ್ಲಿ ಕಾಳಿಗಿಂತ ಜೊಳ್ಳು ಹೆಚ್ಚು. ಪರೀಕ್ಷಿಸಲು ಸುಲಭದ ಅಳತೆ ಆಡಿಟ್ ದಿನಗಳ ಲೆಕ್ಕ. ಅಂತರರಾಷ್ಟ್ರೀಯ ಮಾನ್ಯತಾ ವೇದಿಕೆಯ (ಐಎಎಫ್) ನಿಯಮದಂತೆ ಆಹಾರ ಸಂಸ್ಕರಣೆ ಮಧ್ಯಮ ವರ್ಗಕ್ಕೆ ಸೇರುತ್ತದೆ. 46ರಿಂದ 65 ಜನ ಇರುವ ಅಂಥ ಘಟಕಕ್ಕೆ ಮೊದಲ ಆಡಿಟ್ ಎರಡೂ ಹಂತ (ಮೊದಲು ತಯಾರಿಯ ಪರಿಶೀಲನೆ, ಆಮೇಲೆ ಪೂರ್ತಿ ಆಡಿಟ್) ಸೇರಿ 6 ಮಾನವದಿನ, ಅಂದರೆ ಒಬ್ಬ ಆಡಿಟರನ ಆರು ದಿನದ ಕೆಲಸ. ಆ ಮೇಲೆ ವರ್ಷಕ್ಕೊಮ್ಮೆ ಅದರ ಸುಮಾರು ಮೂರನೇ ಒಂದು ಪಾಲು, ಮೂರು ವರ್ಷಕ್ಕೆ ಮರುಪ್ರಮಾಣೀಕರಣ. ಒಂದೇ ಬಗೆಯ ಕೆಲಸ ಮಾಡುವ ಸಿಪ್ಪೆ ಒಡೆಯುವವರ, ಪೊರೆ ಬಿಡಿಸುವವರ ತಲೆಯೆಣಿಕೆಯನ್ನು ಕಡಿಮೆ ಹಿಡಿಯಲು ಅವಕಾಶವಿದೆ, ದಿನಗಳಲ್ಲಿ ರಿಯಾಯಿತಿಯೂ ಇದೆ. ಆದರೆ ಆ ರಿಯಾಯಿತಿ 30 ಪ್ರತಿಶತ ದಾಟುವಂತಿಲ್ಲ. ಬೆಳಿಗ್ಗೆ ಬಂದು ಮಧ್ಯಾಹ್ನದ ಊಟಕ್ಕೆ ಆಡಿಟ್ ಮುಗಿಸುತ್ತೇವೆ ಎನ್ನುವವರ ಕಾಗದಕ್ಕೆ ಫ್ರೇಮಿನ ಬೆಲೆಯೂ ಇಲ್ಲ. ಕನ್ಸಲ್ಟಂಟ್ ಮತ್ತು ಆಡಿಟರ್ ಒಂದೇ ಆಫೀಸಿನವರಾಗಿದ್ದರೂ ಅಷ್ಟೇ. ಸಲಹೆ ಕೊಟ್ಟವರೇ ಪ್ರಮಾಣೀಕರಿಸುವುದನ್ನು ನಿಯಮ ನಿಷೇಧಿಸಿದೆ. ಸರ್ಟಿಫಿಕೇಟಿನ ಮೇಲೆ ಪ್ರಮಾಣೀಕರಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ ಎನ್‌ಎಬಿಸಿಬಿ ಅಥವಾ ಅದಕ್ಕೆ ಸಮನಾದ ಮಾನ್ಯತೆಯ ಗುರುತು ಇದೆಯೇ ನೋಡಿ. ಐಎಎಫ್ ಸರ್ಟ್‌ಸರ್ಚ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ ನಂಬರ್ ಹಾಕಿ ಪರೀಕ್ಷಿಸಿ. ವಿದೇಶಿ ಖರೀದಿದಾರನೂ ಅದನ್ನೇ ಮಾಡುತ್ತಾನೆ.

ಈಗ ಉಪಯೋಗದ ಎರಡು ಭಾಗ. ಮೊದಲನೆಯದು ಪರಿಸರದ ಮೇಲೆ ಪರಿಣಾಮ ಬೀರುವ ಅಂಶಗಳ ಪಟ್ಟಿ. ಕನ್ಸಲ್ಟಂಟ್‌ಗಳು ಸಾಮಾನ್ಯವಾಗಿ ಬೇರೆ ಊರಿನ ಪಟ್ಟಿಯನ್ನೇ ಹೆಸರು ಬದಲಿಸಿ ಕೊಡುವುದರಿಂದ ಅದರಲ್ಲಿ ಜನರೇಟರ್ ಸದ್ದು, ಕಾಗದದ ಕಸ, ಟ್ಯೂಬ್‌ಲೈಟ್ ಎಲ್ಲ ಇರುತ್ತವೆ, ಮಳೆ ಇರುವುದಿಲ್ಲ. ಗೇರು ಕಾರ್ಖಾನೆಯ ಹಿತ್ತಲಿನ ಸಿಪ್ಪೆ ರಾಶಿಯನ್ನೇ ನೋಡಿ. ಒಂದು ಟನ್ ಕಚ್ಚಾ ಬೀಜ ಒಡೆದರೆ ಮುಕ್ಕಾಲು ಟನ್‌ಗೆ ಹತ್ತಿರ ಸಿಪ್ಪೆ ಉಳಿಯುತ್ತದೆ. ಆ ಸಿಪ್ಪೆಯ ತೂಕದಲ್ಲಿ 20ರಿಂದ 25 ಪ್ರತಿಶತ ಚರ್ಮ ಸುಡುವ ಎಣ್ಣೆ. ಬೇಸಿಗೆಯಲ್ಲಿ ಈ ರಾಶಿ ಬರೀ ಜಾಗ ತಿನ್ನುತ್ತದೆ. ಆಷಾಢದಲ್ಲಿ ಮೇಲಿನ ತಾಡಪತ್ರಿ ಗಾಳಿಗೆ ಹಾರಿತೆಂದರೆ ಅಡಿಯಿಂದ ಕಂದು ನೀರು ಇಳಿದು, ಕಾಂಪೌಂಡಿನ ತೂತಿನಿಂದ ಗಟಾರಕ್ಕೆ, ಗಟಾರದಿಂದ ಅಳಿವೆ ದಂಡೆಯ ಉಪ್ಪುನೀರಿನ ಗಜನಿ ಗದ್ದೆಗೆ ಹೋಗುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲಂತೂ ಆ ದಂಡೆಯಲ್ಲಿ ಇಂಥದ್ದಕ್ಕೆ ಕಣ್ಣು ಹೆಚ್ಚು. ಪರಿಹಾರ ದುಬಾರಿಯದಲ್ಲ: ಸಿಮೆಂಟ್ ನೆಲ, ಸುತ್ತ ಗೇಣೆತ್ತರದ ಕಟ್ಟೆ, ಮೇಲೆ ಶೀಟ್, ಜೂನ್‌ಗೆ ಮೊದಲು ರಾಶಿ ಖಾಲಿ ಮಾಡುವ ಕರಾರು. ಒಳ್ಳೆಯ ಆಡಿಟರ್ ಆ ರಾಶಿಯ ಹಿಂದೆ ಹೋಗಿ ನಿಲ್ಲುತ್ತಾನೆ. ಕೆಟ್ಟವನು ಎಸಿ ರೂಮಿನಲ್ಲಿ ಕಡತ ತಿರುವುತ್ತಾನೆ.

ಐಸ್ ಪ್ಲಾಂಟಿನಲ್ಲಿ ಇದೇ ಪರೀಕ್ಷೆ ತಂಪು ಮಾಡಲು ಬಳಸುವ ಅಮೋನಿಯಾದ್ದು. ಸೋರಿಕೆಯಾದರೆ ನೀರು ಸಿಂಪಡಿಸಿ ಎಂದಷ್ಟೇ ತುರ್ತು ಯೋಜನೆಯಲ್ಲಿ ಬರೆದಿದ್ದರೆ ಅದು ಅರ್ಧ ಯೋಜನೆ. ಆವಿಗೆ ನೀರಿನ ತುಂತುರು ಸರಿ. ನೆಲದಲ್ಲಿ ನಿಂತ ದ್ರವ ಅಮೋನಿಯಾದ ಮೇಲೆ ನೀರು ಬಿದ್ದರೆ ಅದು ಇನ್ನಷ್ಟು ಕುದಿದು ಆವಿ ಹೆಚ್ಚುತ್ತದೆ. ಸಿಂಪಡಿಸಿದ ನೀರೂ ಅಮೋನಿಯಾ ಹೊತ್ತುಕೊಂಡೇ ಹರಿಯುವುದರಿಂದ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಆ ನೀರು ಯಾವ ಗುಂಡಿಗೆ ಹೋಗುತ್ತದೆ, ವಾಲ್ವ್ ಯಾರು ಮುಚ್ಚುತ್ತಾರೆ ಎಂಬುದು ಯೋಜನೆಯಲ್ಲಿರಬೇಕು. ಗಾಳಿಯಲ್ಲಿ ಅಮೋನಿಯಾ 300 ಪಿಪಿಎಂ (ಹತ್ತು ಲಕ್ಷಕ್ಕೆ 300 ಪಾಲು) ಎಂದರೆ ಜೀವಕ್ಕೇ ಅಪಾಯ. ಮಾಸ್ಕ್ ಕಂಪ್ರೆಸರ್ ರೂಮಿನ ಒಳಗಲ್ಲ, ಹೊರಬಾಗಿಲ ಹತ್ತಿರ ತೂಗಿರಬೇಕು.

ಎರಡನೆಯದು ಕಾನೂನಿನ ಕ್ಯಾಲೆಂಡರ್. ಇದೊಂದಕ್ಕೇ ದುಡ್ಡು ಕೊಟ್ಟರೂ ನಷ್ಟವಿಲ್ಲ. ಅಪಾಯಕಾರಿ ತ್ಯಾಜ್ಯದ ಫಾರ್ಮ್ 4 ಜೂನ್ 30ರೊಳಗೆ. ಪರಿಸರ ಹೇಳಿಕೆಯ ಫಾರ್ಮ್ 5 ಸೆಪ್ಟೆಂಬರ್ 30ರೊಳಗೆ. ಜನರೇಟರಿನ ಹಳೆ ಎಣ್ಣೆಯನ್ನು 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಆ ಎಣ್ಣೆಯನ್ನು ದೋಣಿಯವರಿಗೋ ಮರಕ್ಕೆ ಬಳಿಯುವವರಿಗೋ ಕೊಡುವ ರೂಢಿ ಇದ್ದರೆ ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುವುದು ಅದೇ. ನಕಲು ಮಾಡಿದ ಪಟ್ಟಿಯ ಇನ್ನೊಂದು ಎಡವಟ್ಟು ತ್ಯಾಜ್ಯನೀರಿನ ಮಿತಿ. ಸಾಮಾನ್ಯ ಮಾನದಂಡದಲ್ಲಿ ಬಿಒಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಹೊಳೆಗಾದರೆ ಲೀಟರಿಗೆ 30 ಮಿಲಿಗ್ರಾಂ, ಸಮುದ್ರಕ್ಕಾದರೆ 100. ಹೊಳೆಗೆ ಬಿಡುವ ಘಟಕದ ಕಡತದಲ್ಲಿ 100 ಎಂದಿದ್ದರೆ ಲ್ಯಾಬ್ ರಿಪೋರ್ಟ್ ಚಂದ ಕಂಡರೂ ಕೇಸು ಬೀಳಬಹುದು. ನಿಮ್ಮ ಕನ್ಸೆಂಟ್ ಪತ್ರದಲ್ಲಿ ಬರೆದ ಅಂಕಿಯೇ ಅಂತಿಮ.

ಉಳಿತಾಯದ ಮಾತು ಜಾಹೀರಾತಿನಲ್ಲಿ ಜೋರು. ಸ್ವಲ್ಪ ನಿಜ: ಐಸ್ ಪ್ಲಾಂಟಿನ ಕಂಡೆನ್ಸರ್ ಉಪ್ಪುಗಟ್ಟಿದರೆ, ಒಳಗೆ ಗಾಳಿ ಸೇರಿದರೆ ಕಂಪ್ರೆಸರ್ ಎದುರಿಸುವ ಒತ್ತಡ (ಹೆಡ್ ಪ್ರೆಶರ್) ಏರಿ ಕರೆಂಟ್ ಬಿಲ್ ಏರುತ್ತದೆ, ದಿನದ ರೀಡಿಂಗ್ ಬರೆಯುವ ಶಿಸ್ತು ಬಂದರೆ ಇದು ಬೇಗ ಗೊತ್ತಾಗುತ್ತದೆ. ಆದರೆ ಗುರಿಯನ್ನು ತಿಂಗಳ ಒಟ್ಟು ಯೂನಿಟ್‌ನಲ್ಲಿ ಇಡಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟು ಕಟ್ಟಿದ ಮೇಲೆ ಐಸಿಗೆ ಗಿರಾಕಿಯಿಲ್ಲ, ಬಿಲ್ ತಾನಾಗಿ ಇಳಿಯುತ್ತದೆ. ಅದನ್ನು ಸಾಧನೆ ಎಂದು ಗ್ರಾಫ್ ಹಾಕಿದ ಕಡತಗಳು ಬೇಕಾದಷ್ಟಿವೆ. ಒಂದು ಟನ್ ಐಸಿಗೆ ಎಷ್ಟು ಯೂನಿಟ್ ಎಂದು ಬರೆಯಿರಿ.

ಈ ಸರಕಿನ ದೊಡ್ಡ ಮಿತಿ ಹೇಳಲೇಬೇಕು. ಎಷ್ಟು ಹೊಗೆ, ಎಷ್ಟು ಕೊಳೆನೀರು ಎಂಬ ಯಾವ ಅಂಕಿಯನ್ನೂ 14001 ನಿಗದಿ ಮಾಡುವುದಿಲ್ಲ. ಕಾನೂನು ಪಾಲಿಸುವ, ಸುಧಾರಿಸುತ್ತ ಹೋಗುವ ವ್ಯವಸ್ಥೆ ಇದೆಯೇ ಎಂದಷ್ಟೇ ನೋಡುತ್ತದೆ. ಹಾಗಾಗಿ ಸರ್ಟಿಫಿಕೇಟ್ ಇರುವ ಕಾರ್ಖಾನೆ ಇಲ್ಲದ್ದಕ್ಕಿಂತ ಸ್ವಚ್ಛ ಎಂದು ಅರ್ಥವಲ್ಲ.

ಖರೀದಿದಾರನ ಒತ್ತಾಯವಿಲ್ಲದ ಸಣ್ಣ ಘಟಕಕ್ಕೆ ಗುಣಮಟ್ಟ, ಪರಿಸರ ಎರಡನ್ನೂ ನೋಡಿ ಸಣ್ಣ ಉದ್ದಿಮೆಗಳಿಗೆ ಸರ್ಟಿಫಿಕೇಟ್ ಕೊಡುವ ಕೇಂದ್ರದ ಝೆಡ್ ಯೋಜನೆ ಅಗ್ಗದ ದಾರಿ. ಕಂಚಿನ ಮಟ್ಟಕ್ಕೆ ಶುಲ್ಕ 10,000 ರೂಪಾಯಿ. ಅದರಲ್ಲಿ ಸೂಕ್ಷ್ಮ ಘಟಕಕ್ಕೆ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ಪ್ರತಿಶತ ಸಹಾಯಧನ. ಆದರೆ ವಿದೇಶದಲ್ಲಿ ಇದಕ್ಕೆ ಮನ್ನಣೆ ಕಡಿಮೆ.

ಮಾಡಿಸುವುದೇ ಆದರೆ ದಿನಾಂಕ ನೀವೇ ಆರಿಸಿ. ಎರಡನೇ ಹಂತಕ್ಕೆ ಮೊದಲೇ ಒಂದು ಸುತ್ತು ಆಂತರಿಕ ಆಡಿಟ್ ಮತ್ತು ಆಡಳಿತದ ಪರಿಶೀಲನಾ ಸಭೆ ಮುಗಿದಿರಬೇಕು. ಹತ್ತು ದಿನದ ಪ್ಯಾಕೇಜ್‌ಗಳಲ್ಲಿ ಇವೆರಡರ ದಾಖಲೆಯೂ ಸುಳ್ಳೇ. ಮೀನು ಘಟಕದ ಕೆಲಸ ನಡೆಯುವುದನ್ನು ಆಡಿಟರ್ ನೋಡಬೇಕಾದ್ದರಿಂದ ನಿಷೇಧದ ತಿಂಗಳು ಬೇಡ, ಆಗಸ್ಟ್ ನಂತರ ಕರೆಯಿರಿ. ಆಫ್ರಿಕಾದ ಬೀಜ ತರಿಸಿ ವರ್ಷವಿಡೀ ನಡೆಯುವ ಗೇರು ಕಾರ್ಖಾನೆಯಾದರೆ ಜುಲೈ ನಡುವಿನ ದಿನಾಂಕವನ್ನೇ ಕೇಳಿ, ಕೊಡೆ ಹಿಡಿದು ಹಿತ್ತಲಿಗೆ ಬರುವ ಆಡಿಟರನ್ನೇ ಕಳಿಸಿ ಎಂದೂ ಹೇಳಿ.