14 ಕೆಜಿ ಅಂತ ನಂಬಿ ಮಡಚೋ ಇ-ಸೈಕಲ್ ತಗೊಂಡೆ, ನೀವು ತಗೋಬೇಡಿ

ಮಡಚೋ ಎಲೆಕ್ಟ್ರಿಕ್ ಸೈಕಲ್ ಆನ್‌ಲೈನಲ್ಲಿ ನೋಡ್ತಾ ಕೂತಿರೋರು ಯಾರಾದ್ರೂ ಇದ್ರೆ ದುಡ್ಡು ಕಟ್ಟೋಕೆ ಮುಂಚೆ ಎರಡು ನಿಮಿಷ ಇದನ್ನ ಓದಿ. ನಾನು 38 ಸಾವಿರ ಕೊಟ್ಟು ಕಲ್ತಿದ್ದು, ನಿಮಗೆ ಬಿಟ್ಟಿ.

ನನ್ನ ಲೆಕ್ಕಾಚಾರ ಚೆನ್ನಾಗೇ ಇತ್ತು ಕಣ್ರೀ. ಮನೆಯಿಂದ ದಾಸರಹಳ್ಳಿ ಮೆಟ್ರೋಗೆ ಎರಡು ಕಿಲೋಮೀಟರು, ಆ ಕಡೆ ಜಯನಗರದಲ್ಲಿ ಇಳಿದ್ಮೇಲೆ ಆಫೀಸಿಗೆ ಇನ್ನೂ ಮೂರು, ಎರಡೂ ಕಡೆ ಆಟೋದವ್ರ ಹತ್ರ ದಿನಾ ಚೌಕಾಸಿ ಮಾಡಿ ಸಾಕಾಗಿತ್ತು. ನಮ್ಮ ಮೆಟ್ರೋದಲ್ಲಿ 2020ರಿಂದ ಮಡಚೋ ಸೈಕಲ್ ಬಿಡ್ತಾರೆ, 15 ಕೆಜಿ ಮೀರಬಾರದು ಅಂತ ಗೊತ್ತಿತ್ತು. ಜಾಹೀರಾತಲ್ಲಿ 14 ಕೆಜಿ ಅಂತ ದಪ್ಪಕ್ಷರದಲ್ಲಿ ಹಾಕಿದ್ರು, ಒಬ್ಳು ಹುಡುಗಿ ಅದನ್ನ ವ್ಯಾನಿಟಿ ಬ್ಯಾಗ್ ಥರ ಒಂದೇ ಕೈಲಿ ಹಿಡ್ಕೊಂಡು ನಗ್ತಾ ನಿಂತಿದ್ಲು, ಅಷ್ಟೇ, ಆರ್ಡರ್ ಮಾಡ್ಬಿಟ್ಟೆ.

ಡೆಲಿವರಿ ಹುಡುಗ "ಮೂರನೇ ಮಹಡಿಗೆ ಆಗಲ್ಲ ಸಾರ್" ಅಂತ ಗೇಟ್ ಹತ್ರಾನೇ ಇಟ್ಟು ಹೋದಾಗ್ಲೇ ಡೌಟ್ ಬರಬೇಕಿತ್ತು. ಜೋಡಿಸಿದ್ಮೇಲೆ ಮನೇಲಿರೋ ತೂಕದ ಮಷೀನ್ ಮೇಲೆ ಬರೀ ನಾನು ನಿಂತೆ, 71. ಸೈಕಲ್ ಎತ್ಕೊಂಡು ನಿಂತೆ, 92.6. ಅಂದ್ರೆ 21.6 ಕೆಜಿ! ಫೋನ್ ಮಾಡಿದ್ರೆ "ಸಾರ್ ಅದು ಬ್ಯಾಟರಿ, ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರ್ ಬಿಟ್ಟು" ಅಂತ ಆರಾಮಾಗಿ ಹೇಳಿದ್ರು. ನಾನೂ ಹಠಕ್ಕೆ ಬಿದ್ದು ಅದನ್ನೆಲ್ಲ ಬಿಚ್ಚಿಟ್ಟು ತೂಗಿದೆ, ಆಗ್ಲೂ 17 ಚಿಲ್ಲರೆ. ಇನ್ನೇನು ಬಿಚ್ಬೇಕು, ಪೆಡಲ್ಲಾ? ವಾಪಸ್ ತಗೊಳ್ಳಿ ಅಂದ್ರೆ ಬಾಕ್ಸ್ ಓಪನ್ ಆಗಿದೆ, ಆಗಲ್ಲ ಅಂದ್ರು.

ಆದ್ರೂ ಆಸೆ ನೋಡಿ, ಸೋಮವಾರ ಸ್ಟೇಷನ್‌ಗೆ ಹೊತ್ಕೊಂಡೇ ಹೋದೆ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಮಡಚಿದ್ದು ಬಿಚ್ಕೊಂಡು ಮುಂದಿನ ಚಕ್ರ ತಿರುಗಿ ಬಂದು ಪೆಡಲ್ ಮೊಣಕಾಲ ಕೆಳಗೆ ಹೊಡೀತು, ಎರಡೂ ಚಕ್ರನ ಹಿಡ್ಕೊಳ್ಳೋಕೆ ಅಂತ ಕೊಟ್ಟಿರೋ ಆಯಸ್ಕಾಂತ ಫ್ರಿಜ್ ಮೇಲೆ ಅಂಟಿಸ್ತಾರಲ್ಲ ಅಷ್ಟು ಗಟ್ಟಿ ಇತ್ತು ಅಷ್ಟೇ. ಸೆಕ್ಯುರಿಟಿಯವ್ರು ನಿಲ್ಲಿಸಿದ್ರು. ಅವರ ತಪ್ಪೇನಿಲ್ಲ, ಮಡಚಿದ್ಮೇಲೆ 60, 45, 25 ಸೆಂಟಿಮೀಟರ್ ಒಳಗಿರಬೇಕು ಅಂತ ರೂಲ್ಸಲ್ಲೇ ಇದೆ, ನಾನು ತೂಕ ಒಂದನ್ನೇ ಓದ್ಕೊಂಡಿದ್ದೆ. ನಂದು 20 ಇಂಚಿನ ಚಕ್ರ, ಟೈರ್ ಸೇರಿ ಅದೇ 50 ಸೆಂಟಿಮೀಟರ್ ಎತ್ತರ, ಅಷ್ಟೇ ಅಗಲ ಬರುತ್ತೆ, 45ರ ಒಳಗೆ ಹೇಗೂ ಕೂರಲ್ಲ. ಸೈಕಲ್ ಮಡಚ್ಬಹುದು, ಚಕ್ರ ಮಡಚೋಕಾಗುತ್ತಾ?

ಮೈಲೇಜ್ ಬಗ್ಗೆ ಜಾಸ್ತಿ ಹೇಳಲ್ಲ. 40 ಕಿಲೋಮೀಟರ್ ಅಂದಿದ್ರು, ಪೆಡಲ್ ತುಳೀದೆ ಬರೀ ಥ್ರಾಟಲ್ಲಲ್ಲಿ ಹೋದ್ರೆ 19 ಬಂತು. ಬ್ಯಾಟರಿ 36 ವೋಲ್ಟ್, 7.8 ಎಎಚ್ (ಆಂಪಿಯರ್-ಅವರ್), ಗುಣಿಸಿದ್ರೆ ಸುಮಾರು 280 ವ್ಯಾಟ್-ಅವರ್, ಅಂದ್ರೆ ಬ್ಯಾಟರೀಲಿ ತುಂಬೋ ಒಟ್ಟು ಕರೆಂಟು, ಹಾಗೆ ಓಡಿಸಿದ್ರೆ ಕಿಲೋಮೀಟರಿಗೆ 12-15 ವ್ಯಾಟ್-ಅವರ್ ತಿನ್ನುತ್ತೆ, ಮೊದ್ಲೇ ಭಾಗಿಸಿ ನೋಡಿದ್ರೆ ಗೊತ್ತಾಗ್ತಿತ್ತು.

ನಿಜವಾಗ್ಲೂ ಹೆದರಿಸಿದ್ದು ಹ್ಯಾಂಡಲ್. ಮಡಚೋ ಜಾಗದಲ್ಲಿ ಒಂದು ಕ್ಲಾಂಪ್ ಇರುತ್ತಲ್ಲ, ಮೂರನೇ ವಾರಕ್ಕೇ ಲೂಸಾಗಿ ಬ್ರೇಕ್ ಹಿಡಿದಾಗೆಲ್ಲ ಹ್ಯಾಂಡಲ್ ಟಕ್ ಅಂತ ಮುಂದೆ ಬಾಗೋಕೆ ಶುರು. ಟೈಟ್ ಮಾಡಿದ್ರೆ ಎರಡು ದಿನ ಸರಿ, ಮತ್ತೆ ಅದೇ. ಅಂಗಡಿಗೆ ಹೋಗಿ ನೋಡೋರು ಸೈಕಲ್ ಬಿಚ್ಚಿ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡ್ಕೊಂಡು ಹ್ಯಾಂಡಲ್ ಹಿಂದೆ ಮುಂದೆ ಅಲ್ಲಾಡ್ಸಿ ನೋಡಿ, ಹೊಸದರಲ್ಲೇ ಚೂರು ಅಲ್ಲಾಡಿದ್ರೂ ಬಿಟ್ಟು ಬನ್ನಿ.

ಹಿಂದಿನ ಚಕ್ರ ಪಂಕ್ಚರ್ ಆದಾಗ ಇನ್ನೊಂದು ಕಥೆ. ಮೋಟಾರ್ ಇರೋದು ಅದೇ ಚಕ್ರದ ನಡುವಿನ ಹಬ್ ಒಳಗೆ, ವೈರ್ ನೋಡಿದ ತಕ್ಷಣ ಪಂಕ್ಚರ್ ಅಂಗಡಿ ಅಣ್ಣ "ಇದನ್ನ ನಾನು ಮುಟ್ಟಲ್ಲಪ್ಪ" ಅಂದ. ಆಮೇಲೆ ಇನ್ನೊಬ್ರು ಚಕ್ರ ಬಿಚ್ಚದೇನೇ ಟೈರ್ ಒಂದು ಕಡೆ ಎಬ್ಬಿಸಿ ಟ್ಯೂಬ್ ಎಳೆದು ಪ್ಯಾಚ್ ಹಾಕ್ಕೊಟ್ರು, ಪುಣ್ಯಾತ್ಮ.

ಈಗ ಅದು ಕೆಳಗಡೆ ಮೀಟರ್ ಬೋರ್ಡ್ ಪಕ್ಕ ನಿಂತಿದೆ. ಮಾರೋಕೆ ಹಾಕಿದ್ದೀನಿ, ಬ್ಯಾಟರಿ ಸೇರಿ 21.6 ಕೆಜಿ ಅಂತ ಬರೆದೇ ಹಾಕಿದ್ದೀನಿ, ಎರಡು ತಿಂಗಳಾಯ್ತು, ಒಂದು ಫೋನೂ ಬಂದಿಲ್ಲ.